ಮಿಶ್ರಿ ಡಬ್ಬಿ

ಲವಂಗದ ವಾಸನೆ, ಅದರ ಅಡಿಯಲ್ಲಿ ಇನ್ನೊಂದು, ಕೊಳೆತದ್ದು, ಅದು ಈ ಹಲ್ಲಿನ ದವಾಖಾನೆಯದಲ್ಲ, ಅವ್ವನ ಬಾಯಿಯದೇ ಎಂದು ಆಮ್ರಪಾಲಿಗೆ ಗೊತ್ತು, ಚಿದ್ರಿಯ ಮನೆಯಲ್ಲಿ ತಲೆದಿಂಬಿಗೂ ಅದೇ ಹತ್ತಿದೆ, ಅಜ್ಜೀ, ಆ ಅನ್ರಿ, ಒಂದೇ ಸಲ ಅನ್ರಿ, ಡಾಕ್ಟರ್ ವೃಂದಾ ಪುಟ್ಟ ಕನ್ನಡಿ ಹಿಡಿದು ಮೂರನೆಯ ಸಲ ಕೇಳುತ್ತಿದ್ದಾರೆ, ಅವ್ವ ಗಿರಿಜಾಬಾಯಿ ಮಾತ್ರ ದಾರ ಎಳೆದ ಸಂಚಿಯ ಹಾಗೆ ತುಟಿ ಬಿಗಿದು ಕೂತಿದ್ದಾಳೆ, ಮಗಳ ಹೆಸರು ಮರೆತು ಎರಡು ವರ್ಷ, ಹಟ ಮರೆತಿಲ್ಲ — ಬಾಯಿ ತೆರೀಲಿಲ್ಲಂದ್ರ ನೋಡೋದು ಹ್ಯಾಂಗ್ರಿ ಟೀಚರ್, ಈ ಕೆನ್ನಿ ಬಾವು ಗಂಟಲಿಗಿ ಇಳಿತಂದ್ರ ಉಸರಾಡ್ಲಿಕ್ಕೇ ತ್ರಾಸ ಆಗ್ತದ, ಇವತ್ತೇ ನೋಡ್ಬೇಕ್ರಿ — ಇವತ್ತೇ, ನಾಲ್ಕು ದಿನದಿಂದ ಅನ್ನವಿಲ್ಲ, ನೀರೂ ಚಮಚೆಯಲ್ಲಿ, ಅದೂ ಅರ್ಧ ಸೆರಗಿಗೆ, ಭಾಲ್ಕಿಯಿಂದ ತಮ್ಮ ನಾಗಸೇನನ ಫೋನು, ಅಕ್ಕಾ, ಅವ್ವ ಉಂಡ್ಳೇನು, ಇಲ್ಲೋ ತಮ್ಮಾ, ಮರವಿನ ರೋಗದಾಗ ಹಿಂಗೇ ಊಟ ಬಿಡ್ತಾರಂತ ಅಕ್ಕಾ, ನೀ ಹೆದರಬ್ಯಾಡ — ದೂರದ ಬೆಟ್ಟ ನುಣ್ಣಗೆ, ಬಂದು ಒಂದು ದಿನ ಬೆರಳು ಕಚ್ಚಿಸಿಕೊಂಡು ನೋಡಲಿ, ಆದರೆ ಆಮ್ರಪಾಲಿಯೂ ಹಾಗೇ ನಂಬಿದ್ದಳಲ್ಲ, ನಂಬಿದರೆ ಬೇರೇನೂ ಮಾಡಬೇಕಾಗಿರಲಿಲ್ಲ.

ಚಿಕ್ಕಂದಿನ ಔರಾದಿನ ಮನೆಯ ಕಟ್ಟೆ, ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಸಾಲಾಗಿ ಕೂತು ಮಿಶ್ರಿ ತಿಕ್ಕುತ್ತಿದ್ದರು, ಹೊಗೆಸೊಪ್ಪನ್ನು ಹಂಚಿನ ಮೇಲೆ ಕರಕಾಗುವಂತೆ ಹುರಿದು ಅರೆದ ಕಪ್ಪು ಪುಡಿ, ತೋರುಬೆರಳಿಗೆ ಹಚ್ಚಿ ಹಲ್ಲಿನ ಸಂದುಸಂದಿಗೆ, ಬಾಯಿ ತುಂಬಿದ ಮೇಲೆ ಮಾತಿಲ್ಲ, ಪುಡಿ ಸಾಲದವಳು ಬೆರಳನ್ನು ದವಡೆಗೆ ಒತ್ತಿ ತೋರಿಸಿದರೆ ಸಾಕು, ಪಕ್ಕದವಳ ಡಬ್ಬಿ ಸರಿದು ಬರುತ್ತಿತ್ತು, ಸಾಲಿನ ನಡುವೆ ಅವ್ವ, ಕರಿ ಬೆರಳಿನ ಅವ್ವ — ಆ ಡಬ್ಬಿಯನ್ನು ಹೋದ ವರ್ಷ ಆಮ್ರಪಾಲಿಯೇ ಕಸಿದುಕೊಂಡಳು, ನೌಬಾದದ ಶಾಲೆಯಲ್ಲಿ ಮಕ್ಕಳಿಗೆ ಹಲ್ಲುಜ್ಜಲು ಕಲಿಸುವ ಟೀಚರಮ್ಮನ ಮನೆಯಲ್ಲೇ ತಂಬಾಕೇ, ಕಸಿದದ್ದು ಸರಿ, ಅದರಲ್ಲಿ ತಪ್ಪಿಲ್ಲ, ಆದರೆ ಬದಲಿಗೆ ಕೊಟ್ಟ ಬ್ರಶ್ಶನ್ನು ಅವ್ವ ಅಗಿದು ಉಗುಳಿದಳು, ತಾನೇ ಉಜ್ಜಲು ಹೋದರೆ ಕಚ್ಚಿದಳು, ದಿನಾ ಉಜ್ಜುವುದು ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಆಮ್ರಪಾಲಿ ಬಿಟ್ಟೇಬಿಟ್ಟಳು, ಉಣಿಸು, ತೊಳೆ, ಸೀರೆ ಬದಲಿಸು, ಶಾಲೆಗೆ ಓಡು, ಸಾಕಾಗಿತ್ತು, ಯಾರ ಮುಂದೆ ಹೇಳುವುದು, ಸಾಕಾಗಿತ್ತು. ಹನ್ನೆರಡು ದಿನದ ಹಿಂದೆ ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ತೋರುಬೆರಳನ್ನು ಎಡ ದವಡೆಗೆ ಒತ್ತಿದಳು, ಮಿಶ್ರಿ ಇಲ್ಲವ್ವಾ, ಮುಗದದ, ಮರುದಿನವೂ ಅದೇ ಬೆರಳು, ಮುಗದದ ಅಂದೆನಲ್ಲ, ಯಾಕ ಕಾಡ್ಲತ್ತಿ, ಆರನೆಯ ದಿನ ಶಾಲೆಗೆ ಹೊತ್ತಾಗಿತ್ತು, ಆಮ್ರಪಾಲಿ ಆ ಕೈಯ ಮೇಲೆ ಚಟ್ಟನೆ ಹೊಡೆದಳು, ಅವ್ವ ಅಳಲಿಲ್ಲ, ಕೈ ಇಳಿಸಿ ಸ್ವಲ್ಪ ಹೊತ್ತು ನಿಂತು ಮತ್ತೆ ಒತ್ತಿಕೊಂಡಳು, ನಿನ್ನೆ ಸಂಜೆ ಮುಖ ತೊಳೆಸುವಾಗ ಕೆನ್ನೆ ಕೈಗೆ ಗಟ್ಟಿಯಾಗಿ, ಬಿಸಿಯಾಗಿ ಸಿಕ್ಕಿತು.

ಇದೊಂದು ಸಲ ನೋಡ್ತೇನ್ರಿ ಡಾಕ್ಟರ್ ಎಂದು ಆಮ್ರಪಾಲಿ ಚೀಲದಿಂದ, ಅವ್ವ ಹಟ ಮಾಡಿದರೆ ಇರಲಿ ಎಂದು ತಂದಿದ್ದ ಡಬ್ಬಿ ತೆಗೆಯುತ್ತಾಳೆ, ಖಾಲಿ ಡಬ್ಬಿ, ಮುಚ್ಚಳ ಬಿಚ್ಚಿದರೆ ಇನ್ನೂ ಆ ಕರಕಲು ವಾಸನೆ, ಅವ್ವನ ಕಣ್ಣು ಹೊರಳುತ್ತದೆ, ಆಮ್ರಪಾಲಿ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಕಟ್ಟೆಯ ಸಾಲಿನಲ್ಲಿ ಕೂತಂತೆ, ಬರಿ ಬೆರಳಿನಿಂದ ತನ್ನ ಹಲ್ಲನ್ನೇ ತಿಕ್ಕುತ್ತಾಳೆ, ಐವತ್ತರ ಟೀಚರು, ನಾಚಿಕೆಯೂ ಬರಲೊಲ್ಲದು, ತಿಕ್ಕು ಅವ್ವಾ, ತಿಕ್ಕು, ತುಟಿ ಸಡಿಲುತ್ತದೆ, ಬಾಯಿ ತೆರೆಯುತ್ತದೆ, ಕನ್ನಡಿ ಒಳಗೆ ಹೋಗುತ್ತದೆ — ಸಿಕ್ತ್ರಿ, ಎಡಗಡಿ, ಕೆಳಗಿನ ದವಡಿ ಹಲ್ಲು, ಬೇರಿನಾಗ ಕೀವು ತುಂಬ್ಯಾದ, ಅಜ್ಜೀನ ಉಳಿಸ್ಕೋತೀವಿ, ಹೆದರಬ್ಯಾಡ್ರಿ, ಆದ್ರ ಇದು ಭಾಳ ದಿನದ್ದು, ಇಷ್ಟು ನೋವಿದ್ದು ಅಜ್ಜಿ ಏನೂ ಹೇಳಲಿಲ್ಲೇನ್ರಿ — ಹೇಳ್ಯಾಳ್ರಿ, ಅನ್ನಬೇಕು, ದಿನಾ ಹೇಳ್ಯಾಳ್ರಿ, ಅಷ್ಟರಲ್ಲಿ ಅವ್ವ ಡಬ್ಬಿಯ ಕಡೆ ಕೈ ಚಾಚುತ್ತಿದ್ದಾಳೆ, ಇಲ್ಲ, ಡಬ್ಬಿಗಲ್ಲ, ಅದನ್ನು ಆಚೆ ಸರಿಸಿ ಬೆರಳು ಮೇಲೇರುತ್ತಿದೆ, ಹೊಡೆಸಿಕೊಂಡ ಅದೇ ಬೆರಳು, ಎಡ ದವಡೆಗೆ, ಮುಗದದ ಅಂದೆನಲ್ಲ, ಹನ್ನೆರಡು ದಿನ, ಎಡ ದವಡೆಗೆ, ಬೆರಳು, ಆ ಬೆರಳು