ಆರದ ಭಟ್ಟಿ

ಭಟ್ಟಿಯ ಬಾಗಿಲು ಒಡೆಯಲು ಇನ್ನೂ ನಾಲ್ಕು ದಿನ ಕಾಯಬೇಕಿತ್ತು. ಇದು ಇಟ್ಟಿಗೆ ಹೊರುವ ಪಾನ್‌ಮುನಿಗೆ ಗೊತ್ತಿತ್ತು, ಉರಿ ನೋಡುವ ನಿಬಾರಣ ಮಿಸ್ತ್ರಿಗೆ ಗೊತ್ತಿತ್ತು, ಭಟ್ಟಿಯ ಗೋಡೆಗೆ ಒರಗಿ ಮಲಗುವ ಬೀದಿನಾಯಿಗೂ ಗೊತ್ತಿತ್ತು. ಅದು ಆ ವಾರ ಪೂರ್ತಿ ಹತ್ತು ಮಾರು ದೂರದಲ್ಲೇ ಮಲಗಿತ್ತು. ಗೊತ್ತಿಲ್ಲದವನು ಕಾರ್ಖಾನೆಯ ಲೆಕ್ಕ ನೋಡುವ ಓಝಾ ಮುನ್ಷಿ ಒಬ್ಬನೇ. ಅವನಿಗಾದರೂ ಗೊತ್ತಿರಲಿಲ್ಲ ಎನ್ನುವುದೇನು, ಗೊತ್ತಿಲ್ಲದ ಹಾಗೆ ಇರುವುದಕ್ಕೇ ಅವನಿಗೆ ಸಂಬಳ ಬರುತ್ತಿತ್ತು.

ಕಲ್ಲಿದ್ದಲ ಗಣಿಗಳ ನಡುವಿನ ಚಿರಕುಂಡಾ ಊರಿನ ಆ ಕಾರ್ಖಾನೆಯಲ್ಲಿ ಸುಡುವುದು ಮನೆ ಕಟ್ಟುವ ಇಟ್ಟಿಗೆಯನ್ನಲ್ಲ. ಉಕ್ಕಿನ ಕಾರ್ಖಾನೆಗಳಲ್ಲಿ ಕಲ್ಲಿದ್ದಲನ್ನು ಕೋಕ್ ಮಾಡುವ ದೊಡ್ಡ ಒಲೆಗಳಿರುತ್ತವೆ. ಅವುಗಳ ಒಳಗೋಡೆಗೆ ಬೇಕಾದ, ಎಂಥ ಉರಿಗೂ ಜಗ್ಗದ ಬಿಳಿ ಇಟ್ಟಿಗೆ ಇದು. ಬೆಣಚುಕಲ್ಲನ್ನು ಪುಡಿ ಮಾಡಿ, ಸುಣ್ಣ ಕಲಸಿ, ಅಚ್ಚೊತ್ತಿ, ಗುಂಡು ಭಟ್ಟಿಯೊಳಗೆ ಸಾಲುಸಾಲಾಗಿ ಜೋಡಿಸಿ, ಬಾಗಿಲನ್ನೂ ಇಟ್ಟಿಗೆಯಿಂದಲೇ ಮುಚ್ಚಿ ಹದಿನೈದು ದಿನ ಉರಿ ಕೊಡಬೇಕು. ಆಮೇಲೆ ಹತ್ತು ದಿನ ಸುಮ್ಮನೆ ಕೂರಬೇಕು. ಅವಸರ ಮಾಡಿದರೆ ಇಟ್ಟಿಗೆ ಬಿರುಕು ಬಿಡುತ್ತದೆ, ಅದನ್ನು ಹೊರಲು ಒಳಗೆ ಹೋದವರ ಮೈ ಬೇಯುತ್ತದೆ.

ಒಂಬತ್ತು ವರ್ಷ ಆ ಕಾರ್ಖಾನೆ ಮುಚ್ಚಿತ್ತು. ಚೀನಾದ ಇಟ್ಟಿಗೆ ಅಗ್ಗವಾಗಿ ಸಿಗುತ್ತದೆಂದು ಉಕ್ಕಿನವರು ಅತ್ತ ತಿರುಗಿದ್ದರು. ಭಟ್ಟಿಗಳೊಳಗೆ ನಾಯಿಗಳು ಮರಿ ಹಾಕಿದವು. ಇಟ್ಟಿಗೆ ಹೊರುವ ಹನ್ನೊಂದು ಹೆಂಗಸರ ಗುಂಪಿಗೆ ಸರ್ದಾರನಿಯಾಗಿದ್ದ ಪಾನ್‌ಮುನಿ ಟುಡು, ಗಣಿಯ ಪಕ್ಕದ ಗುಡ್ಡೆಯಲ್ಲಿ ಕಲ್ಲಿದ್ದಲು ಆರಿಸಿ ಮೂಟೆ ಹೊತ್ತು ಹೊಟ್ಟೆ ಹೊರೆದಳು. ಭಟ್ಟಿಯ ಉರಿಯನ್ನು ಬಣ್ಣ ನೋಡಿಯೇ ಅಳೆಯುತ್ತಿದ್ದ ನಿಬಾರಣ ಬಾವುರಿ ಪೆಟ್ರೋಲ್ ಬಂಕಿನಲ್ಲಿ ಕಾವಲುಗಾರನಾದ. ಬೀಡಿಯಿಲ್ಲದೆ ಅರ್ಧ ಗಂಟೆ ಇರಲಾರದ ಮನುಷ್ಯನಿಗೆ ಬೀಡಿ ಹಚ್ಚುವಂತಿಲ್ಲದ ಕೆಲಸ.

ಈ ಸಲ ಗಾಳಿ ತಿರುಗಿತು. ಹೊಗೆ ಹೆಚ್ಚಾಯಿತೆಂದು ಚೀನಾದಲ್ಲಿ ಭಟ್ಟಿಗಳನ್ನು ಮುಚ್ಚಿಸಿದರಂತೆ, ಹಡಗು ನಿಂತಿತಂತೆ. ಅದೇ ಹೊತ್ತಿಗೆ ಇಲ್ಲಿಯ ಉಕ್ಕಿನವರು ಹಳೆಯ ಒಲೆಗಳನ್ನು ಕೆಡವಿ ಕೂತಿದ್ದರು. ಸತ್ತಿರೋ ಬದುಕಿದ್ದೀರೋ ಎಂದು ಒಂಬತ್ತು ವರ್ಷ ಕೇಳದಿದ್ದ ಮಾಲೀಕ ಸೇಠ್ ಕಲ್ಕತ್ತೆಯಿಂದ ಮನೆಮನೆಗೂ ಒಂದೊಂದು ಮಿಠಾಯಿ ಡಬ್ಬ ಕಳಿಸಿದ. ಪಾನ್‌ಮುನಿಯೂ ತಿಂದಳು. ಆ ಮಿಠಾಯಿಯ ರುಚಿ ನೆನೆಸಿಕೊಂಡರೆ ಅವಳಿಗೆ ಈಗಲೂ ಬಾಯಿ ಕಹಿಯಾಗುತ್ತದೆ.

ಉರಿ ನಿಲ್ಲಿಸಿದ ಐದನೆಯ ದಿನ ಮಧ್ಯಾಹ್ನ, ಹೆಂಗಸರು ಮರದಡಿ ಕೂತು ಮಂಡಕ್ಕಿಗೆ ಸಾಸಿವೆ ಎಣ್ಣೆ ಈರುಳ್ಳಿ ಕಲಸಿಕೊಂಡು ತಿನ್ನುತ್ತಿದ್ದಾಗ, ಓಝಾ ಮುನ್ಷಿ ಬಂದು ನಿಂತ.

"ನಾಳೆ ಬೆಳಿಗ್ಗೆ ಬಾಗಿಲು ಒಡೀಬೇಕು," ಎಂದ.

"ಯಾವ ಬಾಗಿಲು? ನಿಮ್ಮನೇದಾ?" ಎಂದಳು ಪಾನ್‌ಮುನಿ. ಹೆಂಗಸರು ಮಂಡಕ್ಕಿ ಉದುರಿಸಿಕೊಂಡು ನಕ್ಕರು.

"ತಮಾಷೆ ಬೇಡ, ಸರ್ದಾರನಿ. ಚೀನಾದಿಂದ ಮತ್ತೆ ಇಟ್ಟಿಗೆ ಹಡಗು ಹೊರಟುಬಿಟ್ಟಿದೆ. ಇಪ್ಪತ್ತನೇ ತಾರೀಕಿಗೆ ಹಲ್ದಿಯಾ ಬಂದರಿಗೆ ಬರುತ್ತೆ. ಅಷ್ಟರೊಳಗೆ ನಮ್ಮ ಮಾಲು ಅವರ ಗೇಟಲ್ಲಿ ಇಳೀಬೇಕು. ಇಲ್ದಿದ್ರೆ ಮುಂದಿನ ಆರ್ಡರೂ ಇಲ್ಲ, ನೀನೂ ಇಲ್ಲ, ನಾನೂ ಇಲ್ಲ."

"ಹಡಗು ಬರ್ತಿದೆ ಅಂತ ಭಟ್ಟಿಗೆ ಹೇಳಿದ್ರಾ? ಕೇಳ್ಕೊಂಡು ಬೇಗ ತಣ್ಣಗಾಗುತ್ತೇನೋ."

"ನಾನ್ಯಾಕೆ ಹೇಳ್ಲಿ? ಮಿಸ್ತ್ರಿ ಇದ್ದಾನಲ್ಲ."

"ಹಾಗಾದ್ರೆ ಮಿಸ್ತ್ರಿ ಕೂರ್ಲಿ. ಅವನು ಕೂತ್ರೆ ನಾವು ಹೋಗ್ತೀವಿ. ಕೂರ್ಲಿಲ್ಲ ಅಂದ್ರೆ ಹಡಗಲ್ಲ, ಸೇಠ್‌ಜೀನೇ ಈಜ್ಕೊಂಡು ಬಂದ್ರೂ ಹೋಗಲ್ಲ."

ಮುನ್ಷಿ ವಾದ ಮಾಡಲಿಲ್ಲ. "ಹಾಗೇ ಆಗ್ಲಿ," ಎಂದು ಮುಗುಳ್ನಕ್ಕು ಹೋದ. ಮುನ್ಷಿಯಾದವನು ಅಷ್ಟು ಸುಲಭವಾಗಿ ಒಪ್ಪಿದಾಗಲೇ ಏನೋ ನಾರುತ್ತಿದೆ ಎಂದು ತಿಳಿಯಬೇಕಿತ್ತು.

ಕೂರುವುದು ಎಂದರೆ ಅಲ್ಲಿಯ ಹಳೆಯ ಕಟ್ಟಳೆ. ಬಾಗಿಲ ಗೋಡೆಯನ್ನು ಮಿಸ್ತ್ರಿಯೇ ಒಡೆದು, ಮೊದಲು ತಾನೇ ಒಳಗೆ ಹೋಗಬೇಕು. ಭಟ್ಟಿಯ ನಡುಮಧ್ಯೆ, ಇಟ್ಟಿಗೆ ಸಾಲಿಗೆ ಬರಿಬೆನ್ನು ಕೊಟ್ಟು ಕೂತು ಇಡೀ ಒಂದು ಬೀಡಿ ಸೇದಿ ಮುಗಿಸಬೇಕು. ಮುಗಿಸಿದರೆ ಭಟ್ಟಿ ಆರಿದೆ ಎಂದು ಲೆಕ್ಕ, ಹೆಂಗಸರು ಒಳಗೆ ಹೋಗುತ್ತಾರೆ. ನಡುವೆ ಎದ್ದು ಬಂದರೆ ಮತ್ತೆರಡು ದಿನ ಬಾಗಿಲಿಗೆ ಗೋಣಿ ಕಟ್ಟುತ್ತಾರೆ. ಉರಿ ಅಳೆಯುವ ಯಂತ್ರವನ್ನು ಸೇಠ್ ತರಿಸಿದ್ದ, ಅದು ಆಫೀಸಿನ ಗೋಡೆಯ ಮೇಲೆ ಚೆಂದವಾಗಿ ತೂಗುತ್ತಿತ್ತು. ಹೆಂಗಸರು ನಂಬುತ್ತಿದ್ದುದು ನಿಬಾರಣನ ಬೆನ್ನನ್ನು. ಇಪ್ಪತ್ತು ವರ್ಷದಲ್ಲಿ ಅವನು ಮೂರು ಸಲ ಎದ್ದು ಬಂದಿದ್ದ, ಹಳೆಯ ಸೇಠನ ಎದುರಿಗೇ ಒಮ್ಮೆ. ಅವನ ಮಾತಿಗೆ ಪಾನ್‌ಮುನಿ ತನ್ನ ಹನ್ನೊಂದು ಜನರನ್ನು ಕಣ್ಣು ಮುಚ್ಚಿ ಒಳಗೆ ಕಳಿಸುತ್ತಿದ್ದಳು.

ಆ ಹನ್ನೊಂದರಲ್ಲಿ ಒಬ್ಬಳು ಬಾಹಾ, ಪಾನ್‌ಮುನಿಯ ತೀರಿಹೋದ ತಂಗಿಯ ಮಗಳು. ಇಪ್ಪತ್ತೆರಡು ವರ್ಷ, ಗಂಡ ಕೇರಳಕ್ಕೆ ಹೋದವನು ಮರಳಿಲ್ಲ, ನಡೆಯಲು ಕಲಿಯುತ್ತಿದ್ದ ಹೆಣ್ಣುಮಗುವೊಂದು. ಬಾಹಾಳನ್ನು ಈ ಸಲ ಹೊಸದಾಗಿ ಕೆಲಸಕ್ಕೆ ಸೇರಿಸಿದ್ದು ಪಾನ್‌ಮುನಿಯೇ. "ಮಾಶಿ ಇರೋವಾಗ ನಂಗೇನು ಭಯ," ಎಂದು ಅವಳು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಎರಡು ಲಾರಿ ಬಂದು ನಿಂತಿದ್ದವು. ನಿಬಾರಣ ಗಡಾರಿಯಿಂದ ಬಾಗಿಲ ಗೋಡೆ ಒಡೆದ. ಒಳಗಿನಿಂದ ಬಂದ ಗಾಳಿಗೆ ಮುಂದೆ ನಿಂತಿದ್ದವರ ಹುಬ್ಬು ಬಿಸಿಯಾಯಿತು. ಹೆಂಗಸರು ಸಿಂಬೆ ಸುತ್ತಿಕೊಂಡು, ಲಾರಿ ಟ್ಯೂಬಿನ ತುಂಡುಗಳನ್ನು ಅಂಗೈಗೆ ಕಟ್ಟಿಕೊಂಡು ಸಾಲಾಗಿ ನಿಂತರು.

"ಹೇಗಿದೆ, ನಿಬಾರಣ್‌ದಾ?" ಎಂದು ಪಾನ್‌ಮುನಿ ಕೇಳಿದಳು.

"ನೋಡೋಣ," ಎಂದ ಅವನು, ಮುಖ ತಿರುಗಿಸದೆ.

ಅಂಗಿ ಬಿಚ್ಚಿ ಒಳಗೆ ಹೋದ. ನಡುಮಧ್ಯಕ್ಕೆ ಹೋಗಲಿಲ್ಲ. ಬಾಗಿಲಿನಿಂದ ಎರಡು ಹೆಜ್ಜೆ, ಹೊರಗಿನ ಗಾಳಿ ಬೀಸುವಲ್ಲೇ ಕೂತ. ಬೆನ್ನು ಇಟ್ಟಿಗೆಗೆ ತಾಗಿತೋ ಇಲ್ಲವೋ ಎಂಬಂತೆ ಒರಗಿದ. ಕಿವಿಯ ಸಂದಿಯಿಂದ ಬೀಡಿ ತೆಗೆದು ಕಡ್ಡಿ ಗೀರಿದ. ಆ ಬೆಳಕಿನಲ್ಲಿ ಪಾನ್‌ಮುನಿಗೆ ಬೀಡಿಯ ತುದಿ ಕಾಣಿಸಿತು. ಹೊಸ ಬೀಡಿಯ ತುದಿ ಉಗುರಿನಿಂದ ಮಡಚಿರುತ್ತದೆ. ಇದರ ತುದಿ ಹರಿದ ಎಲೆಯ ಹಾಗೆ ಬಾಯಿ ಬಿಟ್ಟುಕೊಂಡಿತ್ತು. ಅವನು ಅದನ್ನು ಮೊದಲೇ ಅರ್ಧಕ್ಕೆ ಮುರಿದು ತಂದಿದ್ದ.

ಇಪ್ಪತ್ತು ವರ್ಷದ ಬೆನ್ನು, ಅರ್ಧ ಬೀಡಿಗೆ ಇಳಿದಿತ್ತು. ಮುನ್ಷಿ ಏನು ಆಸೆ ತೋರಿಸಿದ್ದನೋ, ಕಾಯಂ ಕೆಲಸವೋ, ಬಂಕಿಗೆ ವಾಪಸು ಹೋಗಬೇಕಿಲ್ಲವೆಂಬ ಮಾತೋ. ಏನಾದರಾಗಲಿ, ಅವನ ಬೆತ್ತಲೆ ಎದೆಯ ಮೇಲೆ ಇಳಿಯುತ್ತಿದ್ದ ಬೆವರು, ಗಂಟಲಲ್ಲಿ ಏರಿಳಿಯುತ್ತಿದ್ದ ಗಂಟು, ಬೇಗಬೇಗ ಎಳೆಯುತ್ತಿದ್ದ ಹೊಗೆ, ಎಲ್ಲವೂ ಹೇಸಿಗೆ ಹುಟ್ಟಿಸುವ ಹಾಗಿತ್ತು.

ಬಾಯಿ ತೆರೆಯಬೇಕಿತ್ತು. "ಇನ್ನೊಂದು ಹಚ್ಚು, ನಡುವೆ ಹೋಗಿ ಕೂತ್ಕೋ" ಎಂದರೆ ಸಾಕಿತ್ತು. ಆದರೆ ಗೇಟಿನಲ್ಲಿ ಲಾರಿ ಇತ್ತು, ಲಾರಿಯ ಆಚೆ ಕಲ್ಲಿದ್ದಲ ಗುಡ್ಡೆ ಇತ್ತು, ಆ ಗುಡ್ಡೆಯಲ್ಲಿ ಕಳೆದ ಒಂಬತ್ತು ವರ್ಷ ಇತ್ತು. ಇದೊಂದು ಮಾಲು ಹೋಗಿಬಿಡಲಿ, ಮುಂದಿನ ಭಟ್ಟಿಗೆ ನಿಬಾರಣನ ಕಿವಿ ಹಿಂಡಿದರಾಯಿತು ಎಂದುಕೊಂಡಳು. ಹೊರಸಾಲು ಹೇಗೂ ತಣ್ಣಗಿರುತ್ತದೆ, ಒಳಸಾಲಿಗೆ ಹೋಗುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ. ಮನುಷ್ಯರು ತಮಗೆ ತಾವೇ ಬೆಣ್ಣೆ ಹಚ್ಚಿಕೊಳ್ಳುವಾಗ ಎಷ್ಟು ಬೇಗ ಲೆಕ್ಕ ಕೂಡಿಸುತ್ತಾರೆ!

ನಿಬಾರಣ ತುಂಡು ಬೀಡಿ ಬಿಸಾಕಿ ಹೊರಗೆ ಬಂದ. "ಆಯ್ತು," ಎಂದ.

"ಕೇಳಿಸ್ತಾ? ಆಯ್ತಂತೆ," ಎಂದ ಮುನ್ಷಿ, ಆಫೀಸಿನ ನೆರಳಿನಿಂದಲೇ.

ಪಾನ್‌ಮುನಿ ತಲೆಯ ಮೇಲೆ ಸಿಂಬೆ ಸರಿಮಾಡಿಕೊಂಡು, "ನಡೀರಿ," ಎಂದಳು.

ಹೊರಸಾಲು ಬೆಚ್ಚಗಿತ್ತು ಅಷ್ಟೆ. ಎರಡನೆಯ ಸಾಲು ಸುಡುತ್ತಿತ್ತು, ಹೆಂಗಸರು ಉಸಿರು ಬಿಗಿಹಿಡಿದು ಓಡಿ ಓಡಿ ಹೊತ್ತರು. ಮುನ್ಷಿ ಮಧ್ಯಾಹ್ನದವರೆಗೆ ಕಾಯಲು ಬಿಡಲಿಲ್ಲ. ಹತ್ತು ಗಂಟೆಗೇ ಮೂರನೆಯ ಸಾಲು ಬಿಚ್ಚಿಸಿದ. ಅಲ್ಲಿ ಉರಿ ಇನ್ನೂ ಮನೆ ಮಾಡಿಕೊಂಡಿತ್ತು. ಬಾಹಾ ಎರಡೂ ಕೈಯಿಂದ ತಬ್ಬಿ ಎತ್ತಿದ ಇಟ್ಟಿಗೆ ಮೇಲೆ ಬಿಳಿ, ಅಡಿಯಲ್ಲಿ ಕೆಂಡ. ಅಂಗೈಯ ರಬ್ಬರು ಕರಗಿ ಚರ್ಮಕ್ಕೆ ಅಂಟಿಕೊಂಡಿತು. ಇಟ್ಟಿಗೆ ಬಿಟ್ಟುಬಿಡಲು ಅವಳಿಗೆ ಆಗಲಿಲ್ಲ, ಇಟ್ಟಿಗೆಯೇ ಅವಳನ್ನು ಹಿಡಿದುಕೊಂಡಿತ್ತು.

ಆ ವಾಸನೆಯ ಬಗ್ಗೆ ಹೇಳದಿರುವುದೇ ವಾಸಿ.

ಆಸ್ಪತ್ರೆಗೆ ಹೋಗುವ ಆಟೋ ಹತ್ತಿಸುವಾಗ ಮುನ್ಷಿ ಬಗ್ಗಿ ಪಾನ್‌ಮುನಿಯ ಕಿವಿಯಲ್ಲಿ, "ಗಂಜಿ ಪಾತ್ರೆ ಮಗುಚಿತು ಅಂತ ಹೇಳು. ಭಟ್ಟಿ ಅಂದ್ರೆ ಪೊಲೀಸು ಗಿಲೀಸು ಅಂತ ಆಗುತ್ತೆ, ಕಾರ್ಖಾನೇನೇ ಮುಚ್ಚಿಹೋಗುತ್ತೆ," ಎಂದ. ಅವನ ಬಾಯಿಂದ ಲವಂಗದ ವಾಸನೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಗಂಜಿಯಲ್ಲಿ ರಬ್ಬರು ಬೇಯಿಸ್ತೀರಾ ನೀವು?" ಎಂದು ಕೇಳಿದರು.

ಅವಳು ಸಂಜೆ ವಾಪಸು ಬಂದಾಗ ಉಳಿದ ಹೆಂಗಸರು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಬಿರುಕು ಬಿಟ್ಟ ಇಟ್ಟಿಗೆಗಳಿಗೆ ಬಿಳಿ ರಾಡಿ ಮೆತ್ತುತ್ತಿದ್ದರು. ನಾಲ್ಕರಲ್ಲಿ ಒಂದು ಬಿರುಕು. ಉಕ್ಕಿನವರ ಕಡೆಯ ಪರೀಕ್ಷಕ ಬಂದ. ಮೇಲಿನ ಸಾಲಿನ ಎರಡು ಇಟ್ಟಿಗೆ ತಟ್ಟಿ ನೋಡಿದ, ನಾಲ್ಕು ರಸಗುಲ್ಲ ತಿಂದ, ರಸದ ಕೈಯನ್ನು ಇಟ್ಟಿಗೆಯ ಬದಿಗೇ ಒರೆಸಿ ಸಹಿ ಹಾಕಿದ. ಲಾರಿಗಳು ಹೋದವು. ಎಲ್ಲಿಯದೋ ಒಲೆಯ ಗೋಡೆಯಲ್ಲಿ ಆ ರಾಡಿ ಎಷ್ಟು ದಿನ ನಿಂತೀತು ಎಂದು ಯಾರೂ ಕೇಳಲಿಲ್ಲ.

ಹಡಗು ಇಪ್ಪತ್ತಕ್ಕಲ್ಲ, ಹದಿನೆಂಟಕ್ಕೇ ಬಂತು. ಮುಂದಿನ ಆರ್ಡರು ಚೀನಾಕ್ಕೆ ಹೋಯಿತು. ಮುನ್ಷಿ ಗೇಟಿಗೆ ಬೀಗ ಜಡಿದು, "ಸೇಠ್‌ಜೀ ಕರೆದಾಗ ಬರ್ತೀರಂತೆ," ಎಂದು ಕೈ ತೊಳೆದುಕೊಂಡ. ಇಷ್ಟಕ್ಕೇ ಅಷ್ಟೆಲ್ಲ ನಡೆದದ್ದು.

ನಿಬಾರಣ ಒಂದು ದಿನ ಪಾನ್‌ಮುನಿಯ ಅಂಗಳಕ್ಕೆ ಬಂದ. ಮೈಮೇಲೆ ಮತ್ತೆ ಬಂಕಿನ ನೀಲಿ ಅಂಗಿ, ಕೈಯಲ್ಲಿ ಸುಟ್ಟ ಗಾಯದ ಮುಲಾಮು.

"ಹುಡುಗಿಗೆ ಕೊಡು," ಎಂದ.

"ನೀನೇ ಹಚ್ಕೋ. ಮುಖಕ್ಕೆ," ಎಂದಳು. "ಮುರಿದ ಬೀಡಿ ತಂದು ನಮ್ಮ ಕಣ್ಣಿಗೆ ಮಣ್ಣು ಎರಚ್ತೀಯಾ? ನಿನ್ನ ಬೆನ್ನು ನಂಬಿ ಹೆಣ್ಣುಮಕ್ಕಳನ್ನ ಒಳಗೆ ಕಳಿಸ್ತಿದ್ನಲ್ಲೋ. ನಾಯಿ ವಾಸಿ, ಬಿಸಿ ಕಂಡ್ರೆ ದೂರ ಮಲಗುತ್ತೆ. ಥೂ ನಿನ್ನ."

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಬೈಯುತ್ತ ಬೈಯುತ್ತ ಅವಳ ಎದೆ ಹಗುರವಾಯಿತು. ಕೇರಿಯವರು ಹೊರಗೆ ಬಂದು ನೋಡಿದರು, ಅವಳು ದನಿ ಇನ್ನೂ ಏರಿಸಿದಳು. ಅವನು ಹೋದ ಮೇಲೆ ಮುಲಾಮಿನ ಟ್ಯೂಬು ಹೊಸ್ತಿಲಲ್ಲಿ ಬಿದ್ದಿತ್ತು. ಬಿಸಾಡಲು ಹೋದವಳು, ದುಡ್ಡಿನ ಮುಲಾಮು ಎಂದು ಒಳಗಿಟ್ಟುಕೊಂಡಳು.

ತಿಂಗಳಾದ ಮೇಲೂ ಬಾಹಾಳ ಎರಡು ಕೈಗಳಿಗೆ ಬಟ್ಟೆ ಸುತ್ತಿತ್ತು. ಬಲಗೈಯ ಮೂರು ಬೆರಳು ಒಂದಕ್ಕೊಂದು ಕೂಡಿಕೊಂಡಿವೆ, ಬಿಡಿಸಲು ರಾಂಚಿಗೆ ಹೋಗಬೇಕು ಎಂದಿದ್ದರು. ಮಗು ಬಂದು ಎತ್ತಿಕೋ ಎಂದು ಸೀರೆ ಜಗ್ಗಿದರೆ ಅವಳು ಮೊಣಕೈಯಿಂದ ತಲೆ ಸವರುತ್ತಿದ್ದಳು. ಪಾನ್‌ಮುನಿ ದಿನಾ ಬಂದು ಗಂಜಿ ಅನ್ನ ಕಲಸಿ ಉಣಿಸುತ್ತಿದ್ದಳು, ದಿನಾ ನಿಬಾರಣನನ್ನು ಬೈಯುತ್ತಿದ್ದಳು.

ಅವತ್ತು ಬೈಗುಳ ನಡುವೆ ನಿಂತುಹೋಯಿತು. ಬಾಹಾಳ ಬಾಯಿ ಒರೆಸುತ್ತಿದ್ದವಳಿಗೆ ಇನ್ನು ತಡೆಯಲಾಗಲಿಲ್ಲ.

"ಬಾಹಾ, ಒಂದು ಮಾತು. ಅವನು ಅರ್ಧ ಬೀಡಿ ತಂದಿದ್ದ. ನಾನು ನೋಡಿದ್ದೆ, ಕಣೇ. ನಾವು ಒಳಗೆ ಹೋಗೋಕೆ ಮುಂಚೇನೇ ನೋಡಿದ್ದೆ."

ಬಾಹಾ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿದಳು.

"ನಾನೂ ನೋಡ್ದೆ, ಮಾಶಿ. ಎಲ್ರೂ ನೋಡಿದ್ರು. ಬಾಗಿಲಲ್ಲೇ ಕೂತಿದ್ನಲ್ಲ, ಕಾಣದೆ ಇರುತ್ತಾ?"

"ಮತ್ತೆ ಯಾಕೆ ಯಾರೂ ಬಾಯಿ ಬಿಡ್ಲಿಲ್ಲ?"

"ನೀನು ಬಿಡ್ತೀಯ ಅಂತ," ಎಂದಳು ಬಾಹಾ. "ನಾವೆಲ್ಲ ನಿನ್ನ ಮುಖಾನೇ ನೋಡ್ತಾ ನಿಂತಿದ್ವಿ. ನೀನು ನಡೀರಿ ಅಂದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಿ ಮುಗಿಸಿ, ಮುಂದಿನ ತುತ್ತಿಗೆ ಬಾಯಿ ತೆರೆದು ಕೂತಳು. ಪಾನ್‌ಮುನಿ ಅನ್ನದ ಕೈಯನ್ನು ನೋಡಿಕೊಂಡಳು. ಐದೂ ಬೆರಳು ನೆಟ್ಟಗಿದ್ದ ಆ ಕೈಯನ್ನು ಕಂಡು ಅವಳಿಗೆ ಅಸಹ್ಯವಾಯಿತು. ಆದರೂ ಅದೇ ಕೈಯಿಂದ ಉಣಿಸಬೇಕಿತ್ತು, ಉಣಿಸಿದಳು.