ಸೋಮೇಶನ ಟವೆಲು

ಗುಂಡ್ಲುಪೇಟೆಗೆ ಸ್ಕೇಟಿಂಗ್ ತಂದವನು ಸೋಮೇಶ. ಯಾರೂ ಕೇಳದಿದ್ದರೂ ಇದನ್ನು ಅವನೇ ಹೇಳುತ್ತಿದ್ದ. ದೊಡ್ಡಮಲ್ಲಪ್ಪನವರ ಕಲ್ಯಾಣ ಮಂಟಪದ ಮುಂದಿನ ಸಿಮೆಂಟು ಅಂಗಳದಲ್ಲಿ, ಮದುವೆಯಿಲ್ಲದ ಭಾನುವಾರ ಅವನ ಕ್ಲಾಸು. ಪುಟ್ಟ ಮಕ್ಕಳ ಸೊಂಟಕ್ಕೆ ಟವೆಲು ಬಳಸಿ, ಎರಡೂ ತುದಿಗಳನ್ನು ಹಿಂದಿನಿಂದ ಹಿಡಿದು ಓಡಿಸುತ್ತಿದ್ದ. ಮಗು ಬಿದ್ದರೆ ಅಜ್ಜಿ ಜಗಳಕ್ಕೆ ಬರುವ ಊರು ಅದು. ಅವನ ಕೈಯಲ್ಲಿ ಒಂದು ಮಗುವೂ ಬಿದ್ದಿರಲಿಲ್ಲ. ಟವೆಲು ಬಿಟ್ಟು ಓಡಿದ ಮಗುವೂ ಇರಲಿಲ್ಲ ಅನ್ನುವುದು ಬೇರೆ ಮಾತು.

2007ರ ಬೇಸಿಗೆಯಲ್ಲಿ ಚಾಮರಾಜನಗರದಿಂದ ಶಿವರಂಜನಿ ಬಂದಳು. ಮೈಸೂರಿನಲ್ಲಿ ಫಿಗರ್ ಸ್ಕೇಟಿಂಗ್ ಕಲಿತವಳು. ಚಕ್ರದ ಬೂಟು ಹಾಕಿಕೊಂಡು ಒಂಟಿ ಕಾಲಿನಲ್ಲಿ ಜಾರುತ್ತಿದ್ದಳು, ಹಾಡಿಗೆ ತಕ್ಕಂತೆ ಗಿರಕಿ ಹೊಡೆಯುತ್ತಿದ್ದಳು. ದೊಡ್ಡಮಲ್ಲಪ್ಪನವರು ಅಂಗಳದ ನಡುವೆ ಸುಣ್ಣದ ಗೆರೆ ಎಳೆಸಿ ಅರ್ಧ ಅವಳಿಗೆ ಕೊಟ್ಟರು. ಸೋಮೇಶನಿಗೆ ಮನೆ ಪಾಲಾದಷ್ಟು ಸಂಕಟವಾಯಿತು.

ಅವಳು ಮೊದಲು ಕಲಿಸಿದ್ದೇ ಬೀಳುವುದನ್ನು. ಮಂಡಿ ಬಗ್ಗಿಸಿ, ಪಕ್ಕಕ್ಕೆ ಒರಗಿ, ಕೂತಂತೆ ಬೀಳಬೇಕು. ಬಿದ್ದ ಮೇಲೆ ನೆಲಕ್ಕೊಂದು ಏಟು ಹಾಕಿ 'ಇರುವೆ ಸತ್ತೋಯ್ತು' ಅನ್ನಬೇಕು. ಬಿದ್ದು ಅಳುವ ಮಗುವನ್ನು ರಮಿಸಲು ಎಲ್ಲ ಅಜ್ಜಿಯರೂ ಹೇಳುವ ಮಾತೇ ಅದು. ಜೊತೆಗೊಂದು ಕಟ್ಟಪ್ಪಣೆ: ಬಿದ್ದವರಿಗೆ ಯಾರೂ ಕೈ ಕೊಡಬಾರದು, ಕೊಟ್ಟವರೂ ಬೀಳುತ್ತಾರೆ. ಮಂಡಿಯೂರಿ ತಾವೇ ಏಳಬೇಕು.

ಗೆರೆಯಾಚೆ ಇರುವೆಗಳು ಸಾಯುತ್ತಲೇ ಹೋದವು, ಮಕ್ಕಳು ಕೇಕೆ ಹಾಕಿ ನಕ್ಕವು. ಈಚೆಯ ಮಕ್ಕಳು ಟವೆಲಿನೊಳಗಿಂದಲೇ ಕತ್ತು ಚಾಚಿ ನೋಡಿದವು, ಆಮೇಲೆ ಒಂದೊಂದೇ ಗೆರೆ ದಾಟಿದವು. ಸೋಮೇಶನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಅವಳ ನಗು ಕಂಡರೂ ಉರಿ, ಅವಳು ಇಳಿಯುವ ಬಸ್ಸು ಕಂಡರೂ ಉರಿ. ಆ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಲಿ ಎಂದು ಬೆಟ್ಟದ ಗೋಪಾಲಸ್ವಾಮಿಗೆ ಕೈ ಮುಗಿದದ್ದೂ ಉಂಟು. ಸ್ವಾಮಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ದೊಡ್ಡಮಲ್ಲಪ್ಪನವರ ಹತ್ತಿರ ಹೋಗಿ, ಆ ಹೆಣ್ಣುಮಗಳು ಮಕ್ಕಳನ್ನು ಬೇಕೆಂದೇ ಬೀಳಿಸುತ್ತಾಳೆ ಎಂದು ಚಾಡಿ ಹೇಳಿದ. ಅವರು ಬಂದು ಬಹಳ ಹೊತ್ತು ನಿಂತು ನೋಡಿದರು.

"ಬಿದ್ದವು ನಗ್ತಾವೆ, ನಿನ್ ಟವಲ್ನಾಗಿರವು ಅಳ್ತಾವೆ. ನಾನ್ ಯಾರ್ನ ಕೇಳ್ಲಿ ಸೋಮೇಸ?"

ಅಲ್ಲಿಗೆ ಅವನ ಪಾಲಿಗೆ ಉಳಿದವಳು ಐದು ವರ್ಷದ ಮಗಳು ಭವ್ಯ ಒಬ್ಬಳೇ. ಊರೆಲ್ಲ ಆಚೆ ಹೋದರೂ ಹೋಗಲಿ, ಇವಳೊಬ್ಬಳು ತನ್ನ ಕಡೆ ಇದ್ದರೆ ಸಾಕು ಎಂದುಕೊಂಡಿದ್ದ. ಮುಂದಿನ ಭಾನುವಾರ ಅವಳು ಟವೆಲಿನಿಂದ ಕೆಳಕ್ಕೆ ನುಸುಳಿಕೊಂಡು, ಅವನ ಮುಖ ನೋಡದೆ, ತಪ್ಪುಹೆಜ್ಜೆ ಇಡುತ್ತಾ ಗೆರೆ ದಾಟಿದಳು. ಸೋಮೇಶ ಖಾಲಿ ಟವೆಲಿನ ಎರಡೂ ತುದಿ ಹಿಡಿದೇ ನಿಂತ.

ಶಿವರಂಜನಿ ಅವಳ ಎರಡೂ ಕೈ ಹಿಡಿದು ನಿಲ್ಲಿಸಿ, ಮೆಲ್ಲಗೆ ಬಿಟ್ಟಳು. ಭವ್ಯ ಜಾರಿದಳು. ಯಾರ ಆಸರೆಯೂ ಇಲ್ಲದೆ ಮಂಟಪದ ಮೆಟ್ಟಿಲವರೆಗೂ ಜಾರಿದಳು. ತಾನು ಇಷ್ಟು ದಿನ ಬೆನ್ನು ಬಗ್ಗಿಸಿ ಮಗಳನ್ನು ಹಿಡಿದದ್ದು ಆ ಶಿವರಂಜನಿಗೆ ಒಪ್ಪಿಸುವುದಕ್ಕೇ ಏನು ಎಂದು ಅವನಿಗೆ ಅನ್ನಿಸಿತು. ಅಷ್ಟರಲ್ಲಿ ಭವ್ಯ ತಿರುಗಲು ಹೋಗಿ ಬಿದ್ದಳು.

ಸೋಮೇಶ ಚಕ್ರದ ಬೂಟು ಹಾಕಿದ ಕಾಲಲ್ಲೇ ನುಗ್ಗಿದ. ಅಯ್ಯೋ ಮಗಳೇ ಅನ್ನುವುದಕ್ಕಿಂತ, ನೋಡಿದಿರಾ ಬಿದ್ದಳು ಅನ್ನುವ ಸಂತೋಷವೇ ಆಗ ಅವನಲ್ಲಿ ಹೆಚ್ಚಾಗಿತ್ತು. ಕೈಯಲ್ಲಿದ್ದ ಟವೆಲು ಚಕ್ರಕ್ಕೆ ಸುತ್ತಿಕೊಂಡಿತು. ಎಲ್ಲರೆದುರು ಅಂಗಾತ ಬಿದ್ದ.

ಅವನು ಮೊದಲು ನೋಡಿದ್ದು ಶಿವರಂಜನಿ ನಗುತ್ತಿದ್ದಾಳೆಯೇ ಎಂದು. ಅವಳು ನಗುತ್ತಿರಲಿಲ್ಲ. ಅದಕ್ಕೂ ಅವನ ಹೊಟ್ಟೆ ಉರಿಯಿತು.

ಭವ್ಯ ಆಗಲೇ ತಾನಾಗಿ ಎದ್ದು ಅವನ ಬಳಿಗೆ ಬಂದಿದ್ದಳು. ಸೋಮೇಶ ಅವಳತ್ತ ಕೈ ಚಾಚಿದ. ಅವಳು ಮಂಡಿಯೂರಿ ಕೂತು ನೆಲಕ್ಕೊಂದು ಏಟು ಹಾಕಿದಳು. ಆಮೇಲೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಇರ್ವೆ ಸತ್ತೋಯ್ತು ಕಣಪ್ಪ. ಕೈ ಕೊಡ್ಬಾರ್ದಂತೆ. ನೀನೇ ಏಳು."