ಜಯಣ್ಣನ ಪಾಯಿಂಟ್

"ಇದರಲ್ಲಿ ನಮ್ಮ ಮುಖೇಶ ಯಾವುದು ಮಗಾ?"

ಅಪ್ಪಿಯಕ್ಕ ಕುರ್ಚಿಯ ತುದಿಯಲ್ಲಿ ಕುಳಿತು ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದರು. ನೀಲಿ ಕಡಲಿನ ಮೇಲೆ ಸಾವಿರ ಕೆಂಪು ಚುಕ್ಕಿಗಳು, ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಒತ್ತೊತ್ತಾಗಿ ಬಡಗು ದಿಕ್ಕಿಗೆ ಸರಿಯುತ್ತಿದ್ದವು.

"ಎಲ್ಲವೂ ಅವನೇ ಅಪ್ಪಿಯಕ್ಕ," ಎಂದಳು ಅಶ್ಮಿತಾ. "ಅವನು ಬಿದ್ದ ಜಾಗದಿಂದ ಗಾಳಿ, ನೀರು ಎಲ್ಲಿಗೆಲ್ಲ ಕೊಂಡುಹೋಗಬಹುದು ಅಂತ ಸಾವಿರ ಸಲ ಬಿಟ್ಟು ನೋಡುವುದು. ಚುಕ್ಕಿ ದಟ್ಟ ಇರುವಲ್ಲಿ ಬೋಟಿನವರು ಹುಡುಕಬೇಕು."

"ಒಬ್ಬನನ್ನು ದೊಡ್ಡ ಮಾಡುವಾಗಲೇ ನನ್ನ ಬೆನ್ನು ಮುರಿದಿತ್ತು. ನೀನು ಸಾವಿರ ಮಾಡಿ ಇಟ್ಟಿದ್ದಿ."

ಅಶ್ಮಿತಾಳ ಅಜ್ಜಿಯ ಕಾಲದಿಂದಲೂ ಅವರ ಮನೆಗೆ ಮೀನು ಅಪ್ಪಿಯಕ್ಕನದ್ದೇ. ಉರ್ವ ಮಾರ್ಕೆಟಿನಲ್ಲಿ ಅವರು ಮೀನು ಇಟ್ಟು ಮಾರುವ ಕಲ್ಲು ಬಾಗಿಲ ಪಕ್ಕದಲ್ಲೇ. ಈ ಹುಡುಗಿ ಕಂಪ್ಯೂಟರಿನೊಳಗೆ ಕಡಲು ಮಾಡಿ ಪಿಎಚ್‌ಡಿ ಓದುತ್ತಿದ್ದಾಳೆ ಎಂದು ಕೇಳಿದ ದಿನ, "ಅದರಲ್ಲಿ ಬೂತಾಯಿ ಮೀನು ಸಿಗ್ತದಾ? ಸಿಕ್ಕಿದ್ರೆ ಹೇಳು, ನಾನು ಬೆಳಿಗ್ಗೆ ದಕ್ಕೆಗೆ ಹೋಗುವುದು ತಪ್ತದೆ," ಎಂದು ಮೀನು ಕತ್ತರಿಸುತ್ತಲೇ ನಗಾಡಿದ್ದರು. ಈ ಸೋಮವಾರ ಬೆಳಿಗ್ಗೆ ಬಲೆ ಎಳೆಯುವಾಗ ಮಗ ಬೋಟಿನಿಂದ ಬಿದ್ದ ಸುದ್ದಿ ಬಂದದ್ದೇ, ಅವರಿಗೆ ನೆನಪಾದದ್ದು ಆ ಕಡಲು. ಮಧ್ಯಾಹ್ನ ಬೋಟು ದಕ್ಕೆಗೆ ಮರಳಿದ ಕೂಡಲೇ ತಂಡೇಲ ಜಯಣ್ಣನನ್ನು ಕರೆದುಕೊಂಡು ಲ್ಯಾಬಿನ ಮೆಟ್ಟಿಲು ಹತ್ತಿದ್ದರು.

ಎಲ್ಲೋ ಚಳಿ ದೇಶದ ಸಂಶೋಧಕರು ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟ ತಂತ್ರಾಂಶ ಅದು. ಕೇಳುವುದು ಮೂರೇ ಸಂಗತಿ: ಎಲ್ಲಿ ಬಿದ್ದದ್ದು, ಯಾವಾಗ ಬಿದ್ದದ್ದು, ತೇಲುತ್ತಿರುವುದು ಏನು. ಮೊದಲನೆಯದನ್ನು ಬೋಟು ನಡೆಸುವ ಜಯಣ್ಣನೇ ಹೇಳಿದ, ಅಕ್ಷಾಂಶ ರೇಖಾಂಶ ಅಂಕಿ ಅಂಕಿಯಾಗಿ. ಮೂರನೆಯದಕ್ಕೆ ಒಂದು ಪಟ್ಟಿ ತೆರೆದುಕೊಂಡಿತು. ಮೇಲಿನ ಸಾಲು ಕೈಕಾಲು ಆಡಿಸುತ್ತಿರುವ ಮನುಷ್ಯ. ಎಲ್ಲಕ್ಕಿಂತ ಕೆಳಗಿನದು ಮುಖ ಅಡಿಯಾಗಿ ತೇಲುವ ದೇಹ. ಗಾಳಿ ಇಬ್ಬರನ್ನೂ ಒಂದೇ ರೀತಿ ದೂಡುವುದಿಲ್ಲ. ಅಶ್ಮಿತಾ ಮೇಲಿನದನ್ನು ಒತ್ತಿ ಗಡಿಬಿಡಿಯಲ್ಲಿ ಪಟ್ಟಿ ಮುಚ್ಚಿದಳು. ಅಪ್ಪಿಯಕ್ಕನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವಲ್ಲ ಎಂದು ಉಸಿರು ಬಿಟ್ಟಳು.

ಅಜ್ಜಿಯ ಕಥೆಯಲ್ಲಿ ಕಡಲರಸನಿಗೆ ಏಳು ಮಂದಿ ಹೆಣ್ಣುಮಕ್ಕಳು. ನೀರಿಗೆ ಬಿದ್ದವನನ್ನು ಒಬ್ಬಳ ಮಡಿಲಿನಿಂದ ಇನ್ನೊಬ್ಬಳ ಮಡಿಲಿಗೆ ದಾಟಿಸುತ್ತ ದಾಟಿಸುತ್ತ, ಏಳನೆಯವಳು ದಂಡೆಯ ಹೊಯಿಗೆಯ ಮೇಲೆ ತಂದು ಮಲಗಿಸುತ್ತಿದ್ದಳು. ಆ ಏಳು ಮಂದಿ ಹಿಡಿಯುವ ದಾರಿ ಕಂಡುಹಿಡಿಯುವುದೇ ತನ್ನ ಓದು ಎಂದು ಅಶ್ಮಿತಾ ಯಾರಿಗೂ ಹೇಳದೆ ನಂಬಿಕೊಂಡಿದ್ದಳು.

ಅವಳ ನಕ್ಷೆ ಫೋನಿನಿಂದ ಫೋನಿಗೆ ಹೋಗಿ ದಕ್ಕೆಯ ಇಪ್ಪತ್ತು ಬೋಟುಗಳು ಎರಡು ದಿನ ಆ ಚುಕ್ಕಿಗಳ ಹಿಂದೆ ಅಲೆದವು. ಏನೂ ಸಿಗಲಿಲ್ಲ. ಬುಧವಾರ ಮಧ್ಯಾಹ್ನ, ಬಡಗಿನಿಂದ ಬರುತ್ತಿದ್ದ ಬೋಟಿನವರಿಗೆ ಒಂದು ನೀಲಿ ಕ್ಯಾನು ಸಿಕ್ಕಿತು. ಮುಖೇಶ ಬಿದ್ದಾಗ ಹಿಡಿದುಕೊಳ್ಳಲಿ ಎಂದು ಜಯಣ್ಣ ಎಸೆದದ್ದು. ಬೋಟಿನ ಹೆಸರು ಅದರ ಮೇಲಿತ್ತು. ಆದರೆ ಅದು ಸಿಕ್ಕಿದಲ್ಲಿ ಅವಳ ಒಂದೇ ಒಂದು ಚುಕ್ಕಿಯೂ ಇರಲಿಲ್ಲ.

ಆ ತಂತ್ರಾಂಶದಲ್ಲಿ ಕಾಲವನ್ನು ಹಿಂದಕ್ಕೂ ಓಡಿಸಬಹುದು, ಕಥೆಯನ್ನು ಕೊನೆಯಿಂದ ಹೇಳಿಸಿದ ಹಾಗೆ. ತೇಲುವುದು ಖಾಲಿ ಕ್ಯಾನು ಎಂದು ಕೊಟ್ಟು, ಅದು ಸಿಕ್ಕಿದಲ್ಲಿಂದ ಚುಕ್ಕಿಗಳನ್ನು ಹಿಂದಕ್ಕೆ ಬಿಟ್ಟಳು. ಸೋಮವಾರ ಬೆಳಿಗ್ಗೆಗೆ ಹೋಗಿ ಅವು ನಿಂತದ್ದು ಜಯಣ್ಣ ಹೇಳಿದ ಜಾಗದಲ್ಲಲ್ಲ. ದಕ್ಕೆಗೆ ಮರಳಿದ್ದ ಜಯಣ್ಣನಿಗೆ ಅಶ್ಮಿತಾ ಫೋನು ಮಾಡಿ ಲ್ಯಾಬಿಗೆ ಬರಹೇಳಿದಳು. ಎರಡೂ ದಿನ ದಕ್ಕೆಯಲ್ಲೇ ಕುಳಿತಿದ್ದ ಅಪ್ಪಿಯಕ್ಕನೂ ಅವನೊಡನೆ ಬಂದರು.

"ಜಯಣ್ಣ, ಆ ಕ್ಯಾನು ಹೊರಟದ್ದು ನೀವು ಹೇಳಿದ ಕಡೆಯಿಂದ ಅಲ್ಲ. ಹನ್ನೆರಡು ಮೈಲು ಬಡಗಿನಿಂದ."

ಜಯಣ್ಣ ಬಾಗಿಲಲ್ಲೇ ನಿಂತಿದ್ದ. "ಇದು ಹೇಳಿತಾ?" ಎಂದು ಕಂಪ್ಯೂಟರನ್ನು ಗದ್ದದಲ್ಲೇ ತೋರಿಸಿದ.

"ಹೌದು."

"ಸರಿಯೇ ಹೇಳಿದೆ ಮಾರಾಯ್ತಿ." ಅವನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟ. "ವಯರ್‌ಲೆಸ್ಸಿನಲ್ಲಿ ಎಲ್ಲಿ ಅಂತ ಕೇಳಿದ್ರು. ಅಷ್ಟೂ ಬೋಟಿನವರ ಕಿವಿ ಅಲ್ಲೇ ಇರ್ತದೆ. ಮೀನು ಇರುವ ಪಾಯಿಂಟ್ ನಾನು ಇಪ್ಪತ್ತು ವರ್ಷದಲ್ಲಿ ಯಾರಿಗೂ ಹೇಳಿದವನಲ್ಲ. ಯಾವಾಗಲೂ ಹೇಳುವ ಸುಳ್ಳು ನಂಬರು ಉಂಟಲ್ಲ, ಅದೇ ಬಾಯಿಗೆ ಬಂತು. ಒಮ್ಮೆ ಹೇಳಿದ ಮೇಲೆ ಇಲ್ಲಿ ಬಂದು ಬೇರೆ ಹೇಳುವುದು ಹೇಗೆ? ನಾನು ಎರಡು ದಿನ ಸರಿ ಜಾಗದಿಂದಲೇ ಹುಡುಕಿದೆ. ನನಗೇ ಸಿಗ್ತಾನೆ ಅಂತ ಗ್ರಹಿಸಿದ್ದೆ."

ಒಂದೇ ಬೋಟು. ಅಷ್ಟು ದೊಡ್ಡ ನೀರಿಗೆ. ಅಶ್ಮಿತಾ ಅಪ್ಪಿಯಕ್ಕನ ಕಡೆ ನೋಡಲಾರದೆ ನೋಡಿದಳು. ಮಾರ್ಕೆಟಿನಲ್ಲಿ ಎರಡು ಮಾತಿಗೆ ಚೌಕಾಶಿಯವರ ಬಾಯಿ ಮುಚ್ಚಿಸುವ ಹೆಂಗಸು ಈಗ ಬೈಯುತ್ತಾರೆ, ಜಯಣ್ಣನ ಅಂಗಿ ಹಿಡಿಯುತ್ತಾರೆ ಎಂದು ಕಾದಳು.

"ಮುಖೇಶನ ಅಪ್ಪ ಸಾಯುವವರೆಗೆ ಪಾಯಿಂಟ್ ನನಗೇ ಹೇಳ್ಲಿಲ್ಲ," ಎಂದರು ಅಪ್ಪಿಯಕ್ಕ, ತಮ್ಮ ಕೈಗಳನ್ನು ನೋಡಿಕೊಳ್ಳುತ್ತ. "ಮುಖೇಶ ಮೊದಲ ಸಲ ಬೋಟಿಗೆ ಹೋಗುವಾಗ ಬುತ್ತಿ ಕೊಟ್ಟು ನಾನೇ ಹೇಳಿದ್ದು. ನಾಳೆ ನೀನು ತಂಡೇಲ ಆದ್ರೆ ಪಾಯಿಂಟ್ ಮಾತ್ರ ಯಾರ ಹತ್ರವೂ ಬಾಯಿ ಬಿಡಬೇಡ ಅಂತ."

ಅಶ್ಮಿತಾ ಮಾರ್ಗದರ್ಶಕರಾದ ಹೃಷೀಕೇಶ ಸರ್‌ಗೆ ಫೋನು ಮಾಡಿದಳು. ಅವರು ಎಲ್ಲವನ್ನೂ ಕೇಳಿಕೊಂಡರು. "ಹೊಸ ಜಾಗದಿಂದ ಓಡಿಸಿ ಬೋಟಿನವರಿಗೆ ಕಳಿಸಮ್ಮ. ಆದರೆ ಐವತ್ತೆಂಟು ಗಂಟೆ ಆಯ್ತು. ಚುಕ್ಕಿ ತುಂಬ ಹರಡಿರ್ತದೆ. ಮತ್ತೆ... ಈಗ ಕೆಳಗಿನ ಸಾಲು ಹಾಕಬೇಕಾಗ್ತದೆ. ನಿನಗೆ ಗೊತ್ತುಂಟಲ್ಲ."

ಗೊತ್ತಿತ್ತು.

ಜಯಣ್ಣ ಒಂದು ಚೀಟಿ ಕೇಳಿದ. ನಿಜವಾದ ಅಂಕಿಗಳನ್ನು ಬರೆಯುವಾಗ ಎಡಗೈಯನ್ನು ಚೀಟಿಗೆ ಅಡ್ಡ ಹಿಡಿದಿದ್ದ. ಕೋಣೆಯಲ್ಲಿ ಇದ್ದದ್ದು ಓದುವ ಹುಡುಗಿ ಒಬ್ಬಳು, ಮೀನು ಮಾರುವ ಹೆಂಗಸು ಒಬ್ಬರು. ಅಶ್ಮಿತಾ ಅಂಕಿ ತುಂಬಿಸಿ ಮುಗಿಸಿದ್ದೇ, ಚೀಟಿ ವಾಪಸು ಕೇಳುವವನ ಹಾಗೆ ಅವನ ಕೈ ತಾನಾಗಿಯೇ ಮುಂದೆ ಬಂತು. ಆಮೇಲೆ ಅವನೇ ಅದನ್ನು ಹಿಂದಕ್ಕೆ ಎಳೆದು ಮೊಣಕಾಲುಗಳ ನಡುವೆ ಇಟ್ಟುಕೊಂಡ.

ಪಟ್ಟಿ ತೆರೆದುಕೊಂಡಿತು. ಅಶ್ಮಿತಾ ಬಾಣದ ಗುರುತನ್ನು ನಿಧಾನಕ್ಕೆ ಕೆಳಗೆ ತಂದಳು, ಒಂದೊಂದೇ ಸಾಲು ದಾಟಿ. ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು.

"ಮಗಾ," ಎಂದರು ಅಪ್ಪಿಯಕ್ಕ. "ಮೊನ್ನೆ ನೀನು ಒತ್ತಿದ್ದು ಎಲ್ಲಕ್ಕಿಂತ ಮೇಲಿನದ್ದಲ್ವಾ?"

ಅಶ್ಮಿತಾ ತಿರುಗಲಿಲ್ಲ. "ಹೌದು ಅಪ್ಪಿಯಕ್ಕ."

"ಅದನ್ನೇ ಒತ್ತು."

ಹೊರಗೆ ಕಾರಿಡಾರಿನಲ್ಲಿ ಯಾರೋ ನಗುತ್ತ ಹಾದುಹೋದರು. ಅಶ್ಮಿತಾ ಬಾಣವನ್ನು ಮೇಲಕ್ಕೆ ತಂದು ಒತ್ತಿದಳು. ಸಾವಿರ ಚುಕ್ಕಿಗಳು ಜಯಣ್ಣನ ಪಾಯಿಂಟಿನಿಂದ ಹೊರಟವು. ಅಪ್ಪಿಯಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಸೆರಗಿನ ತುದಿಯಿಂದ ಪರದೆಯ ಮೇಲಿನ ಧೂಳನ್ನು ಮೆಲ್ಲಗೆ ಒರೆಸಿದರು.